ಮೂಗಿಗಿಂತ ಮೂಗುತಿ ಭಾರ: ಆನ್‌ಲೈನ್ ಹರಾಜಿನ ಶಿಪ್ಪಿಂಗ್ ಲೆಕ್ಕ

ನನಗೆ ಹಳೆ ಚಿತ್ರ ಪೋಸ್ಟ್‌ಕಾರ್ಡ್ ಕೂಡಿಡುವ ಹುಚ್ಚು. ನೂರು ವರ್ಷದ ಹಿಂದಿನ ಮೈಸೂರು, ಬೆಂಗಳೂರು, ಮಂಗಳೂರಿನ ಕಾರ್ಡುಗಳು ಈಗ ಹೆಚ್ಚಾಗಿ ಸಿಗುವುದು ಇಂಗ್ಲೆಂಡಿನಲ್ಲಿ. ಇಲ್ಲಿದ್ದ ಬ್ರಿಟಿಷರು ತಮ್ಮ ಮನೆಯವರಿಗೆ ಕಳಿಸಿದ್ದವು ಅಲ್ವಾ, ಅಲ್ಲೇ ಉಳಿದುಕೊಂಡಿವೆ. ಒಮ್ಮೆ ಒಂದು ಹರಾಜು ತಾಣದಲ್ಲಿ ಸೌತ್ ಪರೇಡ್ ಕಾರ್ಡ್ ಕಣ್ಣಿಗೆ ಬಿತ್ತು. ಸೌತ್ ಪರೇಡ್ ಅಂದರೆ ಬೆಂಗಳೂರಿನ ಇವತ್ತಿನ ಎಂ.ಜಿ. ರಸ್ತೆ. ಖಾಲಿ ರಸ್ತೆ, ಸಾಲು ಮರ, ದೂರದಲ್ಲೊಂದು ಕುದುರೆ ಗಾಡಿ. 3 ಪೌಂಡಿಗೆ ನನಗೇ ಸಿಕ್ಕಿತು. ಹಣ ಕಟ್ಟಲು ಹೋದೆ. ಶಿಪ್ಪಿಂಗ್, ಅಂದರೆ ಕಳಿಸುವ ಖರ್ಚು, 11 ಪೌಂಡ್.

ಕಾರ್ಡಿನ ತೂಕ ಐದು ಗ್ರಾಂ ಇರಬಹುದು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಅವತ್ತು ಮಾರಾಟಗಾರರ ಮೇಲೆ ಸಿಟ್ಟು ಬಂತು. ಆಮೇಲೆ ಕೂತು ಇದರ ಒಳಗುಟ್ಟು ತಿಳಿದುಕೊಳ್ಳುತ್ತಾ ಹೋದ ಹಾಗೆ, ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ, ಕೂಗುವ ಮೊದಲೇ ಲೆಕ್ಕ ಹಾಕಬೇಕು ಅನ್ನುವುದು ಗೊತ್ತಾಯಿತು. ಊರಿನ ಗಣಪತಿ ಹಬ್ಬದ ಹರಾಜಿನಲ್ಲಿ ಬಾಳೆಗೊನೆ ಕೂಗಿದವರು ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೋಗುತ್ತಾರೆ. ಅಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆ. ಆನ್‌ಲೈನ್ ಹರಾಜಿನಲ್ಲಿ ಹಾಗಲ್ಲ. ವಸ್ತು ನಮ್ಮ ಬಾಗಿಲಿಗೆ ಬಂದು ಇಳಿದಾಗಲೇ ಅದರ ನಿಜವಾದ ಬೆಲೆ ಗೊತ್ತಾಗುವುದು.

ಮೊದಲು ನಮ್ಮ ಕಣ್ಣಿನ ವಿಷಯ. ಬಿಡ್ ಹಾಕುವಾಗ ನಾವು ನೋಡುವುದು ದಪ್ಪ ಅಕ್ಷರದ ಬೆಲೆಯನ್ನು. ಕೆಳಗೆ ಸಣ್ಣಕ್ಕೆ ಬರೆದಿರುವ ಶಿಪ್ಪಿಂಗ್ ಕಡೆ ಗಮನ ಹೋಗುವುದೇ ಇಲ್ಲ. ಇದನ್ನು ತಂಜಿಮ್ ಹುಸೇನ್ ಮತ್ತು ಜಾನ್ ಮಾರ್ಗನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲೇ ಪರೀಕ್ಷೆ ಮಾಡಿ ನೋಡಿದರು. ಅವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಂದೇ ಥರದ ಹಾಡಿನ ಸಿ.ಡಿ.ಗಳನ್ನು ಎರಡು ರೀತಿಯಲ್ಲಿ ಹರಾಜಿಗಿಟ್ಟರು. ಒಂದರಲ್ಲಿ ಹರಾಜು 4 ಡಾಲರಿನಿಂದ ಶುರು, ಶಿಪ್ಪಿಂಗ್ ಉಚಿತ. ಇನ್ನೊಂದರಲ್ಲಿ 1 ಸೆಂಟಿನಿಂದ ಶುರು, ಶಿಪ್ಪಿಂಗ್ 3.99 ಡಾಲರ್. ಕೊಳ್ಳುವವರ ಜೇಬಿಗೆ ಎರಡೂ ಒಂದೇ. ಆದರೂ 1 ಸೆಂಟಿನಿಂದ ಶುರುವಾದ ಹರಾಜೇ ಮಾರಿದವರಿಗೆ ಜಾಸ್ತಿ ದುಡ್ಡು ತಂದಿತು. ಅಗ್ಗ ಅಂತ ಜನ ನುಗ್ಗಿದರು, ಶಿಪ್ಪಿಂಗನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೆಲವು ಮಾರಾಟಗಾರರು ಇದನ್ನು ಚೆನ್ನಾಗಿ ಬಳಸಿಕೊಂಡರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ಇಬೇ ತನ್ನ ಕಮಿಷನ್ ಹಿಡಿಯುತ್ತಿದ್ದುದು ವಸ್ತುವಿನ ಬೆಲೆಯ ಮೇಲೆ ಮಾತ್ರ. ಹಾಗಾಗಿ ವಸ್ತುವಿಗೆ 1 ಡಾಲರ್, ಶಿಪ್ಪಿಂಗಿಗೆ 40 ಡಾಲರ್ ಅಂತ ಹಾಕಿದರೆ ಕಮಿಷನ್ ಉಳಿಯುತ್ತಿತ್ತು. 2011ರಲ್ಲಿ ಅಮೆರಿಕದ ಇಬೇ ಶಿಪ್ಪಿಂಗ್ ಮೊತ್ತದ ಮೇಲೂ ಕಮಿಷನ್ ಹಿಡಿಯಲು ಶುರು ಮಾಡಿತು. ಆ ಆಟ ಬಹುಮಟ್ಟಿಗೆ ನಿಂತಿತು. ಆದರೆ ಅದರಿಂದ ಇನ್ನೊಂದು ಪರಿಣಾಮ ಆಯಿತು. ಅಂಚೆಗೆ 20 ಡಾಲರ್ ಕಟ್ಟುವ ಪ್ರಾಮಾಣಿಕ ಮಾರಾಟಗಾರ ನಮ್ಮಿಂದ ಸರಿಯಾಗಿ 20 ಡಾಲರನ್ನೇ ತೆಗೆದುಕೊಂಡರೆ ಅವನಿಗೇ ನಷ್ಟ. ಆ 20ರಲ್ಲೂ ಕಮಿಷನ್ ಹೋಗುತ್ತದೆ. ಡಬ್ಬಿ, ಬಬಲ್ ಹಾಳೆ, ಟೇಪು, ಅಂಚೆ ಕಚೇರಿಗೆ ಹೋಗಿಬರುವ ಪೆಟ್ರೋಲು, ಎಲ್ಲ ಸೇರಬೇಕು. ಹಾಗಾಗಿ ಅಂಚೆ ದರಕ್ಕಿಂತ ಸ್ವಲ್ಪ ಜಾಸ್ತಿ ಇದ್ದ ಮಾತ್ರಕ್ಕೆ ಮೋಸ ಅಂತ ಅಂದುಕೊಳ್ಳಬೇಡಿ. ದುಪ್ಪಟ್ಟು, ಮೂರು ಪಟ್ಟು ಇದ್ದರೆ ಮಾತ್ರ ಕೇಳಿ.

ಈಗ ಮುಖ್ಯ ಪ್ರಶ್ನೆ. ಪ್ರಾಮಾಣಿಕ ದರವೇ ಇಷ್ಟೊಂದು ಯಾಕೆ?

ದೇಶದಿಂದ ದೇಶಕ್ಕೆ ಹೋಗುವ ಅಂಚೆಯ ಹಿಂದೆ ಒಂದು ಹಳೆಯ ಒಪ್ಪಂದ ಇದೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ ಇದನ್ನು ನೋಡಿಕೊಳ್ಳುತ್ತದೆ. ಒಂದು ದೇಶದ ಅಂಚೆ ಇನ್ನೊಂದು ದೇಶಕ್ಕೆ ಚೀಲ ಕೊಟ್ಟರೆ, ಮನೆಮನೆಗೆ ಹಂಚುವ ಕೂಲಿಯನ್ನು ಆ ದೇಶಕ್ಕೆ ಕೊಡಬೇಕು. ಈ ಕೂಲಿ ಬಹಳ ವರ್ಷ ಕೆಲವು ದೇಶಗಳಿಗೆ ತುಂಬ ಕಡಿಮೆ ಇತ್ತು. ಚೀನಾದಿಂದ ಚಿಕ್ಕ ಪೊಟ್ಟಣಗಳು ಬಿಡಿಗಾಸಿಗೆ ಅಮೆರಿಕ ತಲುಪುತ್ತಿದ್ದವು. ಅಮೆರಿಕ ಒಕ್ಕೂಟವನ್ನೇ ಬಿಟ್ಟುಹೋಗುತ್ತೇನೆ ಅಂದಾಗ, 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ವಿಶೇಷ ಸಭೆ ಸೇರಿ ನಿಯಮ ಬದಲಾಯಿಸಿದರು. 2020ರ ಜುಲೈಯಿಂದ ಅಮೆರಿಕ ತನ್ನ ದರವನ್ನು ತಾನೇ ಹೇಳುವಂತಾಯಿತು. ಅದೇ ವರ್ಷ ಕೊರೊನಾ ಬಂತು. ಅಂಚೆ ಚೀಲಗಳಲ್ಲಿ ಬಹಳಷ್ಟು ಪ್ರಯಾಣಿಕರ ವಿಮಾನಗಳ ಹೊಟ್ಟೆಯಲ್ಲೇ ಬರುತ್ತವೆ. ಆ ವಿಮಾನಗಳೇ ನಿಂತಾಗ ಸಾಗಣೆ ದರ ಗಗನಕ್ಕೇರಿತು. 2021ರ ಜನವರಿಯಿಂದ ಮಾಲು ಇರುವ ಪ್ರತಿ ಅಂಚೆಗೂ ಒಳಗೇನಿದೆ ಅನ್ನುವ ಕಸ್ಟಮ್ಸ್ ವಿವರವನ್ನು ಕಂಪ್ಯೂಟರ್ ಮೂಲಕ ಮುಂಚೆಯೇ ಕಳಿಸಬೇಕಾಯಿತು. ಲಕೋಟೆಗೆ ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕುವ ಕಾಲ ಹೋಯಿತು. ನನ್ನ ಐದು ಗ್ರಾಂ ಪೋಸ್ಟ್‌ಕಾರ್ಡಿಗೂ ಬಾರ್‌ಕೋಡ್, ಟ್ರ್ಯಾಕಿಂಗ್, ಕಸ್ಟಮ್ಸ್ ಚೀಟಿ ಬೇಕು. 11 ಪೌಂಡಿನಲ್ಲಿ ಬಹುಪಾಲು ಹೋಗಿದ್ದು ಅದಕ್ಕೆ. ಕಾರ್ಡಿನ ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಅಗ್ಗದ ದಾರಿಗಳೂ ಒಂದೊಂದಾಗಿ ಮುಚ್ಚಿಕೊಂಡಿವೆ. ಅಮೆರಿಕದ ಅಂಚೆಯಲ್ಲಿ ಮೊದಲು ಹಡಗಿನಲ್ಲಿ ಪಾರ್ಸೆಲ್ ಕಳಿಸಬಹುದಿತ್ತು. ಎರಡು ಮೂರು ತಿಂಗಳು ತಡವಾದರೂ ದರ ಕಡಿಮೆ. 2007ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿಂದ ಈಗ ಪುಸ್ತಕ ತರಿಸಿದರೂ ವಿಮಾನವೇ ಗತಿ. ಆದರೆ ಜಪಾನಿನ ಅಂಚೆ ಹಡಗಿನ ದಾರಿಯನ್ನು ಉಳಿಸಿಕೊಂಡಿದೆ. ಅವಸರ ಇಲ್ಲದ ಭಾರದ ವಸ್ತುವಾದರೆ ಜಪಾನಿನವರನ್ನು ಇದರ ಬಗ್ಗೆ ಕೇಳಿ ನೋಡುವುದು ಒಳ್ಳೆಯದು.

ಪೋಸ್ಟ್‌ಕಾರ್ಡ್ ಬಿಟ್ಟು ದೊಡ್ಡ ವಸ್ತುಗಳಿಗೆ ಬಂದರೆ ಇನ್ನೊಂದು ಸಂಗತಿ ಎದುರಾಗುತ್ತದೆ. ಹೆಚ್ಚಿನ ಜನ ಏಟು ತಿನ್ನುವುದು ಇಲ್ಲೇ. ಕೊರಿಯರ್ ಕಂಪನಿಗಳು ಬರೀ ತೂಕ ನೋಡುವುದಿಲ್ಲ, ಜಾಗವನ್ನೂ ನೋಡುತ್ತವೆ. ದಾವಣಗೆರೆಯಿಂದ ಮಂಡಕ್ಕಿ ತುಂಬಿದ ಲಾರಿ ಹೊರಟಿದೆ ಅಂದುಕೊಳ್ಳಿ. ಲಾರಿ ಬಾಯಿ ಮಟ್ಟ ತುಂಬಿದೆ, ತೂಕ ಮಾತ್ರ ಏನೂ ಇಲ್ಲ. ಅದೇ ಲಾರಿಯಲ್ಲಿ ಬೆಲ್ಲ ಹಾಕಿದ್ದರೆ ಅರ್ಧ ಜಾಗದಲ್ಲೇ ತೂಕ ಮುಗಿದುಹೋಗುತ್ತಿತ್ತು. ಲಾರಿ ಮಾಲೀಕರು ಮಂಡಕ್ಕಿಗೆ ಕೆಜಿ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಂಡರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ವಿಮಾನದ ಲೆಕ್ಕವೂ ಇದೇ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅಂತ ಹೆಸರು. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಅಂಕಿಯೇ ಕೆಜಿ. ಡಿ.ಎಚ್.ಎಲ್., ಫೆಡೆಕ್ಸ್, ಯು.ಪಿ.ಎಸ್. ಮೂರೂ ವಿದೇಶಿ ಪಾರ್ಸೆಲ್‌ಗಳಿಗೆ ಸಾಮಾನ್ಯವಾಗಿ ಬಳಸುವುದು ಇದೇ ಸೂತ್ರ. ತಕ್ಕಡಿಯ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

ಒಂದು ಹಳೆ ಕ್ಯಾಮೆರಾ ಲೆನ್ಸ್ ತೆಗೆದುಕೊಳ್ಳಿ. ತೂಕ 300 ಗ್ರಾಂ. ಮಾರಾಟಗಾರರು ಮನೆಯಲ್ಲಿದ್ದ ಯಾವುದೋ ಡಬ್ಬಿಗೆ ಹಾಕಿ ಸುತ್ತ ಪೇಪರ್ ತುರುಕುತ್ತಾರೆ. ಡಬ್ಬಿ 30, 25, 20 ಸೆಂಟಿಮೀಟರ್. ಗುಣಿಸಿದರೆ 15,000. ಭಾಗಿಸಿದರೆ 3 ಕೆಜಿ! ಅದೇ ಲೆನ್ಸನ್ನು 15, 12, 12 ಸೆಂಟಿಮೀಟರಿನ ಡಬ್ಬಿಗೆ ಹಾಕಿದರೆ 2,160, ಅಂದರೆ ಅರ್ಧ ಕೆಜಿಯೊಳಗೆ. ವಸ್ತು ಅದೇ, ದೂರ ಅದೇ, ವಿಮಾನವೂ ಅದೇ. ಡಬ್ಬಿ ಮಾತ್ರ ಬೇರೆ. ನನ್ನದೊಂದು ಲೆನ್ಸ್ ಹೀಗೇ ಬೂಟಿನ ಡಬ್ಬಿಯಲ್ಲಿ ಬಂದಿತ್ತು. ತೆರೆದರೆ ಒಳಗೆ ಮುದ್ದೆ ಮಾಡಿದ ನ್ಯೂಸ್‌ಪೇಪರ್, ಅದರ ನಡುವೆ ಒಂದು ಸಾಕ್ಸ್, ಆ ಸಾಕ್ಸಿನೊಳಗೆ ಲೆನ್ಸ್. ಗಾಳಿಯನ್ನು ಸಮುದ್ರ ದಾಟಿಸಲು ದುಡ್ಡು ಕೊಟ್ಟಿದ್ದೆ. ಅವರ ಮನಸ್ಸಿನಲ್ಲಿ ಇದ್ದಿದ್ದು ಲೆನ್ಸ್ ಒಡೆಯಬಾರದು ಅನ್ನುವುದೊಂದೇ. ಮೊದಲೇ ಹೇಳಬೇಕಾದವನು ನಾನು, ಹೇಳಿರಲಿಲ್ಲ.

ದೊಡ್ಡ ವಸ್ತುವಿಗೆ ಇದು ಇನ್ನೂ ಜೋರು. ಹಳೆ ಟೇಬಲ್ ರೇಡಿಯೋ 5 ಕೆಜಿ ಇರಬಹುದು. 60, 40, 40ರ ಡಬ್ಬಿಯಾದರೆ 19.2 ಕೆಜಿಗೆ ದುಡ್ಡು. ಮೂರೂ ಕಡೆ ಐದೈದು ಸೆಂಟಿಮೀಟರ್ ಕಡಿಮೆ ಮಾಡಿ 55, 35, 35 ಮಾಡಿದರೆ ಹದಿಮೂರೂವರೆ ಕೆಜಿಗೆ ಇಳಿಯುತ್ತದೆ. ಒಂದು ಗೇಣೂ ಇಲ್ಲ, ಮೂರು ಬೆರಳಿನಷ್ಟು ಜಾಗ! ಹಾಗಂತ ರೇಡಿಯೋಗೆ ಮೆತ್ತೆ ಕಡಿಮೆ ಮಾಡಿಸಬೇಡಿ. ಹಳೆ ರೇಡಿಯೋಗಳ ಬೇಕಲೈಟ್, ಅಂದರೆ ಗಟ್ಟಿ ಪ್ಲಾಸ್ಟಿಕ್, ಒಡೆದರೆ ಮೊದಲಿನ ಹಾಗೆ ಆಗುವುದಿಲ್ಲ. ಹೊರಗೆ ಚಾಚಿರುವ ಗುಬುಟು, ಕಾಲು ಇಂಥವನ್ನು ಬಿಚ್ಚಿ ಒಳಗಿಡಲು ಬರುತ್ತದಾ ಅಂತ ಕೇಳಿ. ಸರಕಾರಿ ಅಂಚೆಯಲ್ಲಿ ಹಲವು ದೇಶಗಳು ತಕ್ಕಡಿಯ ತೂಕಕ್ಕೇ ದರ ಹಾಕುತ್ತವೆ. ಜಪಾನಿನ ಇ.ಎಂ.ಎಸ್. ಎಂಬ ವೇಗದ ಅಂಚೆಯೂ ಹಾಗೆಯೇ. ದೊಡ್ಡದಾಗಿದ್ದು ಹಗುರ ಇರುವ ವಸ್ತುವಿಗೆ ಕೊರಿಯರ್ ಬಿಟ್ಟು ಅಂಚೆ ಹಿಡಿದರೆ ಎಷ್ಟೋ ಸಲ ಅರ್ಧಕ್ಕರ್ಧ ಉಳಿಯುತ್ತದೆ.

ನಾನು ಕಲಿತದ್ದರಲ್ಲಿ ಅತ್ಯಂತ ಲಾಭದ್ದು ಮಾತ್ರ ಬೇರೆ. ಒಬ್ಬರ ಹತ್ತಿರವೇ ಹಲವು ವಸ್ತು ತೆಗೆದುಕೊಳ್ಳುವುದು. ಶಿಪ್ಪಿಂಗ್ ದರ ಆಟೋ ಮೀಟರಿನ ಹಾಗೆ. ಹತ್ತಿದ ಕೂಡಲೇ ಕನಿಷ್ಠ ಚಾರ್ಜ್ ಬೀಳುತ್ತದೆ, ಆಮೇಲೆ ಪ್ರತಿ ಕಿಲೋಮೀಟರಿಗೆ ಸ್ವಲ್ಪ ಸ್ವಲ್ಪ. ಪಾರ್ಸೆಲ್ಲಿನಲ್ಲೂ ಮೊದಲ ಗ್ರಾಂ ದುಬಾರಿ, ನಂತರದ್ದು ಅಗ್ಗ. ಒಂದು ಪೋಸ್ಟ್‌ಕಾರ್ಡಿಗೆ 11 ಪೌಂಡ್ ಆದರೆ ಹತ್ತು ಕಾರ್ಡಿಗೂ ಬಹುತೇಕ ಅಷ್ಟೇ. ಈಗ ನಾನು ಯಾವುದೇ ಕಾರ್ಡ್ ಕಂಡರೂ ಮೊದಲು ಆ ಮಾರಾಟಗಾರರ ಪೂರ್ತಿ ಅಂಗಡಿ ನೋಡುತ್ತೇನೆ. ಅವರ ಹತ್ತಿರ ಇನ್ನೂ ನಾಲ್ಕೈದು ಬೇಕಾದ್ದು ಇದ್ದರೆ ಮಾತ್ರ ಕೂಗುತ್ತೇನೆ. ಗೆದ್ದ ಮೇಲೆ ಒಂದೊಂದಕ್ಕೇ ಹಣ ಕಟ್ಟಬೇಡಿ. ಎಲ್ಲವನ್ನೂ ಸೇರಿಸಿ ಒಂದೇ ಬಿಲ್ ಕಳಿಸಿ ಅಂತ ಕೇಳಿ, ಅದು ಬಂದ ಮೇಲೆ ಕಟ್ಟಿ. ಒಮ್ಮೆ ಹಣ ಕಟ್ಟಿಬಿಟ್ಟರೆ ಪ್ರತಿಯೊಂದೂ ಬೇರೆ ಆರ್ಡರ್ ಆಗಿ, ಮಾರಾಟಗಾರರಿಗೆ ಮನಸ್ಸಿದ್ದರೂ ಹಣ ವಾಪಸ್ ಮಾಡುವ ತಾಪತ್ರಯ.

ಯಾಹೂ ಜಪಾನಿನ ಹರಾಜಿನಲ್ಲಿ ನಮ್ಮಂಥ ಹೊರಗಿನವರು ನೇರ ಕೂಗಲು ಆಗುವುದಿಲ್ಲ. ಅಲ್ಲಿ ನಮ್ಮ ಪರವಾಗಿ ಕೂಗಿ, ವಸ್ತುವನ್ನು ತಮ್ಮ ಗೋದಾಮಿನಲ್ಲಿ ಇಟ್ಟುಕೊಂಡು, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಕಳಿಸುವ ಸಂಸ್ಥೆಗಳಿವೆ. ಬೈಯೀ, ಜೆನ್‌ಮಾರ್ಕೆಟ್ ಇಂಥವು. ಒಂದೊಂದು ವಸ್ತುವಿಗೂ ಅವರ ಸೇವಾ ಶುಲ್ಕ, ಮಾರಾಟಗಾರರಿಂದ ಗೋದಾಮಿಗೆ ಬರುವ ಒಳನಾಡಿನ ಸಾಗಣೆ, ಆಮೇಲೆ ಭಾರತಕ್ಕೆ ಬರುವ ಸಾಗಣೆ. ಮೂರು ಮೆಟ್ಟಿಲು. ಒಂದೇ ಚಿಕ್ಕ ವಸ್ತುವಿಗೆ ಈ ದಾರಿ ಗಿಟ್ಟುವುದಿಲ್ಲ, ಐದಾರು ಸೇರಿದರೆ ಗಿಟ್ಟುತ್ತದೆ. ಗೋದಾಮಿನಲ್ಲಿ ಎಷ್ಟು ದಿನ ಉಚಿತ ಅನ್ನುವುದನ್ನು ಮರೆಯದೆ ನೋಡಿಕೊಳ್ಳಿ.

ನಮ್ಮಲ್ಲಿ ತುಂಬ ಜನ ಹಿಡಿಯುವ ಇನ್ನೊಂದು ದಾರಿ ಅಂದರೆ ನೆಂಟರು. ನ್ಯೂಜೆರ್ಸಿಯಲ್ಲಿ ಚಿಕ್ಕಮ್ಮನ ಮಗ, ಲಂಡನ್‌ನಲ್ಲಿ ಭಾವ. ಅವರ ವಿಳಾಸಕ್ಕೆ ತರಿಸಿದರೆ ಆ ದೇಶದೊಳಗಿನ ಕಡಿಮೆ ಶಿಪ್ಪಿಂಗ್, ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುತ್ತಾರೆ. ಒಳ್ಳೆಯದೇ, ಆದರೆ ಎರಡು ಎಚ್ಚರ ಬೇಕು. ವಿಳಾಸವನ್ನು ಹಣ ಕಟ್ಟುವ ಮೊದಲೇ ಬದಲಿಸಿಕೊಳ್ಳಿ. ಕಟ್ಟಿದ ಮೇಲೆ ಬೇರೆ ವಿಳಾಸಕ್ಕೆ ಕಳಿಸಿ ಅಂದರೆ ಮಾರಾಟಗಾರರಿಗೆ ಹರಾಜು ತಾಣದಿಂದ ಸಿಗುವ ರಕ್ಷಣೆ ತಪ್ಪುತ್ತದೆ, ಅವರು ಒಪ್ಪುವುದಿಲ್ಲ. ಎರಡನೆಯದು, ವಸ್ತು ಸರಿ ಇಲ್ಲ ಅಂತ ದೂರು ಕೊಡುವ ಅವಧಿ ಇಬೇಯಲ್ಲಿ ಸಾಮಾನ್ಯವಾಗಿ 30 ದಿನ. ನೆಂಟರು ಊರಿಗೆ ಬರುವುದು ದೀಪಾವಳಿಗೋ ಮದುವೆಗೋ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪಾರ್ಸೆಲ್ ತಲುಪಿದ ದಿನವೇ ತೆರೆದು ವೀಡಿಯೋ ಮಾಡಿ ಕಳಿಸಿ ಅಂತ ಕೇಳಿಕೊಳ್ಳಿ. ಹತ್ತು ನಿಮಿಷದ ಕೆಲಸ, ಬೇಡ ಅನ್ನುವುದಿಲ್ಲ.

ಶಿಪ್ಪಿಂಗ್ ಕಟ್ಟಿದ ಮೇಲೂ ಕಥೆ ಮುಗಿಯಲಿಲ್ಲ. ಕಸ್ಟಮ್ಸ್ ಸುಂಕವನ್ನು ಹಾಕುವುದು ವಸ್ತುವಿನ ಬೆಲೆಯ ಮೇಲೆ ಮಾತ್ರ ಅಲ್ಲ. ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿ ಅದರ ಮೇಲೆ. ಅಂದರೆ ಜಾಸ್ತಿ ಶಿಪ್ಪಿಂಗ್ ಕೊಟ್ಟರೆ ಅದಕ್ಕೂ ಸುಂಕ ಬೀಳುತ್ತದೆ. ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಇಲ್ಲಿದೆ. ವಿಮಾನದಲ್ಲಿ ಬರುವ ಮಾಲಿಗೆ, ಸುಂಕದ ಲೆಕ್ಕದಲ್ಲಿ ಸಾಗಣೆ ವೆಚ್ಚವನ್ನು ಮಾಲಿನ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚು ಹಿಡಿಯಬಾರದು ಅಂತ 2007ರ ಕಸ್ಟಮ್ಸ್ ಮೌಲ್ಯ ನಿಯಮಗಳ 10ನೇ ನಿಯಮ ಹೇಳುತ್ತದೆ. 3,000 ರೂಪಾಯಿಯ ವಸ್ತುವಿಗೆ 3,000 ರೂಪಾಯಿ ಶಿಪ್ಪಿಂಗ್ ಕೊಟ್ಟಿದ್ದರೂ, ಸುಂಕದ ಲೆಕ್ಕಕ್ಕೆ ಬರಬೇಕಾದ ಸಾಗಣೆ ಸುಮಾರು 600 ರೂಪಾಯಿ. ಕೊರಿಯರ್‌ನವರು ಸುಂಕದ ಚೀಟಿ ಕಳಿಸಿದಾಗ ಸುಮ್ನೆ ಕಟ್ಟಿಬಿಡದೆ ಈ ಅಂಕಿಯನ್ನು ಒಮ್ಮೆ ನೋಡಿ. ಅದೇ ಚೀಟಿಯಲ್ಲಿ ಅವರ ಸೇವಾ ಶುಲ್ಕವೂ ಇರುತ್ತದೆ, ಅದು ಬೇರೆ.

ಕೆಲವರು ಕಸ್ಟಮ್ಸ್ ಚೀಟಿಯಲ್ಲಿ ಗಿಫ್ಟ್ ಅಂತ ಬರೆಸಿಬಿಡಿ ಅನ್ನುತ್ತಾರೆ. ದಯವಿಟ್ಟು ಬೇಡ. ಅದು ಸುಳ್ಳು ಘೋಷಣೆ. ಅದೂ ಅಲ್ಲದೆ 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದುಹಾಕಿದ್ದಾರೆ. ಬೆಲೆ ಕಡಿಮೆ ಬರೆಸಿದರೆ ವಸ್ತು ಕಳೆದಾಗ ವಿಮೆಯೂ ಅಷ್ಟಕ್ಕೇ ಸಿಗುತ್ತದೆ.

ಹಾಗಾದರೆ ಎಷ್ಟಕ್ಕೆ ಕೂಗಬೇಕು? ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ನಿಮ್ಮ ಕೈಯಿಂದ ಒಟ್ಟು 12,000 ರೂಪಾಯಿ ಮೀರಬಾರದು ಅಂದುಕೊಳ್ಳಿ. ಶಿಪ್ಪಿಂಗ್ 3,000. ಸುಂಕದ ದರ ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ, ಲೆಕ್ಕ ಸುಲಭವಾಗಲಿ ಅಂತ ಎಲ್ಲ ಸೇರಿ ನೂರಕ್ಕೆ 40 ಅಂತ ಇಟ್ಟುಕೊಳ್ಳೋಣ. ಶಿಪ್ಪಿಂಗಿಗೂ ಪೂರ್ತಿ ಸುಂಕ ಬೀಳುತ್ತದೆ ಅಂತಲೇ ಹಿಡಿಯಿರಿ, ಆಗ ಯಾವತ್ತೂ ಕೈ ಮೀರುವುದಿಲ್ಲ. 12,000ವನ್ನು 1.4ರಿಂದ ಭಾಗಿಸಿ, ಸುಮಾರು 8,570. ಅದರಲ್ಲಿ 3,000 ಕಳೆಯಿರಿ. 5,570. ನೀವು ಕೂಗಬಹುದಾದ ಗರಿಷ್ಠ ಅಷ್ಟೇ. ಸುಂಕ ಮರೆತು 9,000ಕ್ಕೆ ಕೂಗಿದ್ದರೆ ಇದೇ ಲೆಕ್ಕದಲ್ಲಿ ಬಾಗಿಲಿಗೆ ಬರುವಾಗ 16,800 ಆಗುತ್ತಿತ್ತು. ಬ್ಯಾಂಕ್ ಕಾರ್ಡಿನಲ್ಲಿ ಡಾಲರ್ ಕಟ್ಟಿದರೆ ಬ್ಯಾಂಕು ಹಿಡಿಯುವ ಫಾರೆಕ್ಸ್ ಚಾರ್ಜೂ, ಅಂದರೆ ವಿದೇಶಿ ಹಣದ ಶುಲ್ಕವೂ ಇದೆ, ಒಂದಿಷ್ಟು ಅದಕ್ಕೂ ಬಿಟ್ಟುಕೊಳ್ಳಿ. ಈ 5,570ನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಡಿ. ಹರಾಜಿನ ಕೊನೆಯ ನಿಮಿಷದಲ್ಲಿ ತಲೆ ಓಡುವುದಿಲ್ಲ, ಕೈ ಓಡುತ್ತದೆ.

ಈ ಲೆಕ್ಕದಲ್ಲಿ ಒಂದು ಕಹಿ ಸತ್ಯವೂ ಇದೆ. ಅದೇ ಕಾರ್ಡಿಗೆ ಲಂಡನ್ನಿನಲ್ಲಿ ಕೂತು ಕೂಗುವವರಿಗೆ ಶಿಪ್ಪಿಂಗ್ 2 ಪೌಂಡ್, ಸುಂಕ ಇಲ್ಲ. ನಮಗೆ 11 ಪೌಂಡ್, ಮೇಲೆ ಸುಂಕ. ಆಟ ಶುರುವಾಗುವ ಮೊದಲೇ ನಾವು ಹತ್ತು ಪೌಂಡ್ ಹಿಂದೆ ಇದ್ದೇವೆ. ಅವರಿಗೂ ಬೇಕಾದ ವಸ್ತುವಿಗೆ ಅವರ ಜೊತೆ ಜಿದ್ದಿಗೆ ಬಿದ್ದರೆ ನಮಗೇ ನಷ್ಟ. ಆದರೆ ಶಿವಮೊಗ್ಗದ ತುಂಗಾ ಸೇತುವೆ, ಕೋಲಾರದ ಗಣಿ, ಮಂಗಳೂರಿನ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಇಂಥ ಕಾರ್ಡುಗಳಿಗೆ ಅಲ್ಲಿ ಕೂಗುವವರು ಕಡಿಮೆ. ನಮಗೆ ಮಾತ್ರ ಅವುಗಳ ಬೆಲೆ ಗೊತ್ತು. ನಾನು ದುಡ್ಡು ಹಾಕುವುದು ಅಲ್ಲಿ.

ಇಷ್ಟೆಲ್ಲ ಆದ ಮೇಲೆ ಮಾರಾಟಗಾರರಿಗೆ ಒಂದು ಸಂದೇಶ ಕಳಿಸುವುದು ಉಳಿಯುತ್ತದೆ, ಹರಾಜು ಮುಗಿಯಲು ಎರಡು ದಿನ ಇರುವಾಗ. ಮುಗಿದ ಮೇಲೆ ಕೇಳಿದರೆ ಅದು ಚೌಕಾಸಿ, ಮೊದಲೇ ಕೇಳಿದರೆ ವಿಚಾರಣೆ. ಬೆಂಗಳೂರಿನ ಪಿನ್ ಕೋಡ್ ಕೊಟ್ಟು, ಪ್ಯಾಕ್ ಮಾಡಿದ ಮೇಲೆ ತೂಕ ಎಷ್ಟು, ಡಬ್ಬಿಯ ಮೂರು ಅಳತೆ ಏನು, ಅಂಚೆಯಲ್ಲಿ ಕಳಿಸಬಹುದಾ, ಜೊತೆಗೆ ಇನ್ನೂ ಎರಡು ವಸ್ತು ಗೆದ್ದರೆ ಎಷ್ಟಾಗುತ್ತದೆ ಅಂತ ಕೇಳಿ. ಭಾರತಕ್ಕೆ ಕಳಿಸುವುದಿಲ್ಲ ಅಂತ ಬರೆದವರೂ ನಯವಾಗಿ ಕೇಳಿದರೆ ಒಪ್ಪಿದ್ದುಂಟು. ಉತ್ತರ ಕೊಡದವರ ವಸ್ತುವನ್ನು ನಾನು ಬಿಟ್ಟುಬಿಡುತ್ತೇನೆ. ಈಗಲೇ ಉತ್ತರ ಇಲ್ಲದವರು ಪಾರ್ಸೆಲ್ ತಪ್ಪಿಹೋದಾಗ ಕೊಡುತ್ತಾರಾ?

ಸೌತ್ ಪರೇಡ್ ಕಾರ್ಡ್ ಮಾರಿದವರಿಗೂ ಅವತ್ತು ಸಿಟ್ಟು ಇಳಿದ ಮೇಲೆ ಹೀಗೇ ಬರೆದೆ. ಅವರು ವಯಸ್ಸಾದ ಹೆಂಗಸು. ಅಂಚೆ ಕಚೇರಿಯ ದರಪಟ್ಟಿಯ ಫೋಟೋ ತೆಗೆದೇ ಕಳಿಸಿದರು, ಒಂದು ಪೈಸೆಯೂ ಜಾಸ್ತಿ ಹಾಕಿರಲಿಲ್ಲ. ನಿಮ್ಮ ಊರಿನದು ಇನ್ನೂ ಒಂದು ಡಬ್ಬಿ ಇದೆ, ಇನ್ನೂ ತಾಣಕ್ಕೆ ಹಾಕಿಲ್ಲ, ಕಾಯುತ್ತೀರಾ ಅಂತ ಕೇಳಿದರು. ಮೂರು ವಾರ ಕಾದೆ. ಅವರು ಹಾಕಿದ ಮೇಲೆ ಆರು ಕಾರ್ಡುಗಳನ್ನು ಕೂಗಿ ಗೆದ್ದೆ. ಏಳೂ ಸೇರಿ ಎರಡು ರಟ್ಟಿನ ನಡುವೆ, ಒಂದೇ ಲಕೋಟೆಯಲ್ಲಿ, ಅದೇ 11 ಪೌಂಡಿಗೆ ಬಂದವು. ಒಂದರ ಹಿಂದೆ ಮಸುಕಾದ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದಾರೆ, ಇಲ್ಲಿ ಮಳೆ ನಿಂತಿಲ್ಲ ಅಂತ. ಅದಕ್ಕೆ ಹಚ್ಚಿರುವ ಸ್ಟಾಂಪು ಒಂದಾಣೆಯದು.